ಬಲಬದಿಯ ಕಾಜಾ

ಆ ಹಳೆಯ ನಾಟಕ ನೋಡಿದವರು ಈ ಬೀದಿಯಲ್ಲಿ ಈಗ ಯಾರೂ ಇಲ್ಲ. ಅದರ ಪ್ರೇಮಿಗಳಾದ ಮಣಿಧರ, ಚಂಪೆಯರ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಬಸ್ ಸ್ಟಾಪಿನಲ್ಲಿ ಒಬ್ಬ ಹೆಚ್ಚು ಹೊತ್ತು ನಿಂತರೆ ಅವನು ಮಣಿಧರ. ಕನ್ನಡಿಯ ಮುಂದಿನಿಂದ ಏಳದ ಹುಡುಗಿ ಚಂಪೆ. ಒಂದೇ ಕೊಡೆಯಡಿ ಇಬ್ಬರು ನಡೆದರಂತೂ ಕೇಳುವುದೇ ಬೇಡ.

ಟೈಲರ್ ಅಂಗಡಿಯಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿಯುವ ಅಕ್ಕನಿಗೂ ಕಟಿಂಗ್ ಮಾಸ್ತರನಿಗೂ ಈ ಹೆಸರು ಅಂಟಿದ್ದು, ಇಬ್ಬರೂ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರೆಂಬ ಕಾರಣಕ್ಕೆ. ಊರ ಬಾಯಿ ಮುಚ್ಚಿಸುವವರು ಯಾರು? ಅಕ್ಕ ಒಂಟಿ, ಬಾಡಿಗೆಯ ಒಂದು ಕೋಣೆ, ಒಂದು ಸ್ಟೌ. ಮೇಲೆ ಮುಖ ಗಂಟಿಕ್ಕಿದರೂ ಒಳಗೇ ಹಿಗ್ಗುತ್ತಿದ್ದಳು. ಯಾರಾದರೂ ಚಂಪೆ ಎಂದು ರೇಗಿಸಿದ ದಿನ ಕೋಣೆಯ ಬೀಗ ತೆಗೆದು ಒಳಗೆ ಹೋಗುವುದು ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮಾಸ್ತರನೂ ಬಾಯಿ ಸತ್ತವನು. ಬೀದಿಯೇ ಹೇಳುತ್ತಿರುವಾಗ ತಾವು ಬೇರೆ ಹೇಳುವುದೇನಿದೆ ಎಂದು ಇಬ್ಬರೂ ಸುಮ್ಮನಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದ ಮಹಾನುಭಾವನನ್ನು ತಂದು ಈ ಅಂಗಡಿಯಲ್ಲಿ ಕೂರಿಸಬೇಕಿತ್ತು.

ಕೊನೆಗೆ ಮಾಸ್ತರನ ತಾಯಿ ಹೆಣ್ಣು ಗೊತ್ತು ಮಾಡಿದರು. ಅವನು ತನ್ನ ಮದುವೆಯ ಕೋಟನ್ನು ತಾನೇ ಕತ್ತರಿಸಿ, ಹೊಲಿದು, ಕಾಜಾ ಹಾಕಲು ಅಕ್ಕನ ಮುಂದಿಟ್ಟು ನಿಂತ.

“ನೀವೇನಾದ್ರೂ ಹೇಳೋದಿದ್ಯಾ?” ಎಂದು ಕೇಳಿದ.

“ಗುಂಡಿ ಕಪ್ಪು ಹಾಕ್ಲಾ, ಕಂದು ಹಾಕ್ಲಾ?” ಎಂದಳು ಅವಳು. ಸೂಜಿಗೆ ದಾರ ಪೋಣಿಸತೊಡಗಿದಳು.

ಗಂಡಸರ ಕೋಟಿಗೆ ಕಾಜಾ ಎಡಬದಿಗೆ, ಹೆಂಗಸರದ್ದಕ್ಕೆ ಬಲಬದಿಗೆ. ಕಣ್ಣು ಕಟ್ಟಿ ಕೂರಿಸಿದರೂ ಅವಳ ಕೈ ತಪ್ಪುತ್ತಿರಲಿಲ್ಲ. ಅವತ್ತು ಮಾತ್ರ ಬಲಬದಿಯನ್ನೇ ಸೀಳಿ ಮೂರು ಕಾಜಾ ಹೊಲಿದುಬಿಟ್ಟಳು. ಸೀಳಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಮಾಸ್ತರನಿಗೆ ನೋಡಿದ ಕೂಡಲೇ ಗೊತ್ತಾಯಿತು. ಮುಂಭಾಗ ಬಿಚ್ಚಿ ಬೇರೆ ಬಟ್ಟೆ ಕೂರಿಸಿಕೊಡುತ್ತೇನೆಂದು ಅವಳು ಗೋಗರೆದಳು. ಬಟ್ಟೆ ಉಳಿದಿತ್ತು, ಸಮಯವೂ ಇತ್ತು.

“ಇರಲಿ ಬಿಡಿ. ಹೀಗೇ ಹಾಕ್ಕೋತೀನಿ,” ಎಂದ.

ಹಾಗೇ ಹಾಕಿಕೊಂಡ. ದರ್ಜಿಯ ಮೈಮೇಲೇ ಹೆಂಗಸರ ಕೋಟು ಎಂದು ಮದುವೆಗೆ ಬಂದ ಅಂಗಡಿಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಚಾಕ್ ಗುರುತನ್ನು ತಾನೇ ತಪ್ಪು ಹಾಕಿದ್ದೆಂದು ಅವನು ಹೇಳಿಕೊಂಡ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನಿಗೆ, ಅವನಿಗೂ ತನ್ನ ಮೇಲೆ ಮನಸ್ಸಿತ್ತೆಂದು ತಿಳಿದದ್ದು ಆಗ.

ಮಾಸ್ತರ ಹೆಂಡತಿಯೊಂದಿಗೆ ಬೇರೆ ಊರು ಸೇರಿದ. ಪಾಪ, ನೊಂದುಕೊಂಡಾಳು ಎಂದು ಬೀದಿಯವರು ಚಂಪೆ ಎನ್ನುವುದನ್ನೂ ನಿಲ್ಲಿಸಿದರು. ಈಗ ಎಲ್ಲರೂ ಮರ್ಯಾದೆಯಿಂದ ಅಕ್ಕ ಎನ್ನುತ್ತಾರೆ. ಆ ಮರ್ಯಾದೆ ಕೇಳಿದಾಗಲೆಲ್ಲ ಅವಳಿಗೆ ಅಳು ಬರುತ್ತದೆ.