ಎಣ್ಣೆ ಹತ್ತದ ಖಾಕಿ

ಹೊಳಬಸಪ್ಪನ ಖಾಕಿ ಬಟ್ಟೆಗೆ ಹತ್ತು ವರ್ಷ ಒಂದು ಹನಿ ಎಣ್ಣೆಯೂ ಹತ್ತಲಿಲ್ಲ. ಇದನ್ನು ಅವನ ಹೊಗಳಿಕೆಗೆ ಹೇಳುತ್ತಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ. ಆ ಬೈಗುಳದಲ್ಲಿ ನನ್ನದೂ ಪಾಲಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಬರೆಯಲು ಸಲೀಸು.

ಅವನು ಬೇವೂರಿನವನು. ನಾನು ಸಂಗಯ್ಯ, ಬಾಗಲಕೋಟೆಯವನೇ. ೧೯೭೫ರಿಂದ ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತು ಓದಿದೆವು. ಸಂಸ್ಥೆಯ ಹೆಸರು ಈಗ ಬೇಡ. ಅಲ್ಲಿ ಇದ್ದದ್ದು ಒಂದೇ ಲೇತ್ ಮಶಿನ್, ಅದಕ್ಕೆ ವರ್ಷವಿಡೀ ತಾಡಪತ್ರಿ ಹೊದಿಸಿರುತ್ತಿದ್ದರು. ದಸರೆಯಲ್ಲಿ ಖಂಡೆ ಪೂಜೆಯ ದಿನ ಹೊದಿಕೆ ತೆಗೆದು, ಕುಂಕುಮ ಹಚ್ಚಿ, ಒಂದು ಕಬ್ಬಿಣದ ರಾಡನ್ನು ಎರಡು ನಿಮಿಷ ಕೊರೆದು ತೋರಿಸುತ್ತಿದ್ದರು. ಐವತ್ತು ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡಬೇಕು. ಮೊದಲ ವರ್ಷ ಆ ರಾಡಿನಿಂದ ಸುರುಳಿ ಸುರುಳಿಯಾಗಿ ಬಿದ್ದ ಕಬ್ಬಿಣದ ಸಿಪ್ಪೆಯೊಂದನ್ನು ಹೊಳಬಸಪ್ಪ ಎತ್ತಿಕೊಂಡ. ಅದು ಮೂರು ವರ್ಷವೂ ಅವನ ಕಂಪಾಸ್ ಪೆಟ್ಟಿಗೆಯಲ್ಲಿತ್ತು.

"ಈ ಮಶಿನ್ ಮ್ಯಾಲೆ ನನ್ನ ಕೈ ಕುಂದ್ರಬೇಕಲೇ ಸಂಗಯ್ಯಾ," ಎನ್ನುತ್ತಿದ್ದ. "ಮುಂದ ಯಾರೂ ಕೆಲಸಾ ಕೊಡದಿದ್ರೂ ಚಿಂತಿಲ್ಲ, ಕೈ ಇರತೈತಲ್ಲ."

ಪರೀಕ್ಷೆ ಮುಗಿದ ಮೇಲೆ ಆರು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲಿ ತರಬೇತಿ ಪಡೆಯಬೇಕು, ಮಾಲೀಕನ ಸಹಿಯಿರುವ ಸರ್ಟಿಫಿಕೇಟು ತಂದರೆ ಮಾತ್ರ ಡಿಪ್ಲೊಮಾ ಕೈಗೆ ಕೊಡುತ್ತೇವೆ ಎಂಬುದು ನಮ್ಮಲ್ಲಿಯ ನಿಯಮ. ಜಾಗ ಯಾರು ಕೊಡುತ್ತಾರೆ ಎಂದು ನಿಯಮ ಬರೆದವರು ಬರೆದಿರಲಿಲ್ಲ. ಹೊಳಬಸಪ್ಪ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಮೂವತ್ತನಾಲ್ಕು ಅರ್ಜಿ ಬರೆದ. ಹುಬ್ಬಳ್ಳಿ, ಹರಿಹರ, ಬೆಳಗಾವಿ, ಸೊಲ್ಲಾಪುರ. ಮೂರಕ್ಕೆ ಉತ್ತರ ಬಂತು, ಮೂರರಲ್ಲೂ ಜಾಗವಿಲ್ಲ. ನಮ್ಮೂರಿನ ಒಂದು ಕಾರ್ಖಾನೆ ಮಾತ್ರ ನಮ್ಮ ತರಗತಿಯಿಂದ ಒಬ್ಬನನ್ನು ತೆಗೆದುಕೊಳ್ಳುವುದಾಗಿ ಹೇಳಿತು.

ತರಗತಿಗೆ ಹೊಳಬಸಪ್ಪ ಮೊದಲಿಗ, ನಾನು ಏಳನೆಯವ. ಆದರೆ ನನಗೊಬ್ಬ ಸೋದರಮಾವನಿದ್ದ, ಆ ಮಾವ ಕಾರ್ಖಾನೆಯ ಮ್ಯಾನೇಜರರ ಜೊತೆ ದಿನಾ ಚಹಾ ಕುಡಿಯುತ್ತಿದ್ದ. ಇದಕ್ಕೆ ನಮ್ಮ ಕಡೆ ವಶೀಲಿ ಎನ್ನುತ್ತಾರೆ. ಜಾಗ ನನಗಾಯಿತು. ಹೇಳಲು ಹೋದಾಗ ಹೊಳಬಸಪ್ಪ ಬೇವೂರಿನಿಂದ ತಂದ ರೊಟ್ಟಿಯ ಗಂಟು ಬಿಚ್ಚುತ್ತಿದ್ದ. "ಚಲೋ ಆತ ಬಿಡು," ಎಂದ, ನನಗೂ ಒಂದು ರೊಟ್ಟಿ ಕೊಟ್ಟ. ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಆ ರೊಟ್ಟಿ ಇನ್ನೂ ಗಂಟಲಲ್ಲೇ ಇದೆ.

ಕೊನೆಗೆ ಅವನ ತಾಯಿ ಶಿವಬಸವ್ವ ಯಾರ ಯಾರದೋ ಕೈಕಾಲು ಹಿಡಿದು ಇಳಕಲ್ಲಿನಲ್ಲಿ ಒಂದು ಜಾಗ ಹುಡುಕಿದಳು. ಕಾಶಪ್ಪನವರ ವರ್ಕ್‌ಶಾಪು. ಕೆಂಪು ಕಲ್ಲಿನ ಖಣಿಗಳ ಡ್ರಿಲ್ಲು, ಕಂಪ್ರೆಸರು ಅಲ್ಲಿ ರಿಪೇರಿಯಾಗುತ್ತಿದ್ದವು. ಮುಂದೆ ಮನೆ, ಹಿಂದೆ ವರ್ಕ್‌ಶಾಪು. ಒಂದು ಲೇತ್, ಅದನ್ನು ನಡೆಸುವ ಸುಭಾನಸಾಬ ಎಂಬ ಹಿರಿಯ. ಒಂದು ಲೇತ್ ಸಾಕಲ್ಲ, ಐವತ್ತು ಜನ ನೂಕುವುದಿಲ್ಲವಲ್ಲ ಎಂದು ಹೊಳಬಸಪ್ಪ ಹಿಗ್ಗಿದ. ತಾಯಿ ಖಾಕಿ ಅಂಗಿ, ಖಾಕಿ ಪ್ಯಾಂಟು ಹೊಲಿಸಿ ಕಳಿಸಿದಳು.

ಮೊದಲ ದಿನ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಲು ಹೇಳಿದರು. ಅವನು ಇಂಗ್ಲಿಷಿನಲ್ಲಿ ಬರೆದ. ಕಾಶಪ್ಪನವರು ಚಷ್ಮಾ ಏರಿಸಿ ಆ ಅಕ್ಷರಗಳನ್ನು ನೋಡಿದರು. ಅವನ ಕಥೆ ಮುಗಿದದ್ದು ಅಲ್ಲಿಯೇ.

"ಇಂಗ್ಲಿಷ್‌ನಾಗ ಕಾಗದ ಬರಿತಿ ಏನು?"

"ಬರಿತೇನ್ರಿ."

"ಹಂಗಾರ ಈ ಖಾಕಿ ಯಾಕ ಹಾಕ್ಕೊಂಡಿ? ನಾಳಿಂದ ಬಿಳಿ ಅಂಗಿ ಹಾಕ್ಕೊಂಡ ಬಾ. ಹುನಗುಂದದ ಸಾಹೇಬ್ರ ಮುಂದ ಎಣ್ಣಿ ಅಂಗಿಲೆ ನಿಂದರಾಕ ಬರತೈತೇನು?"

ಹೀಗೆ ಅವನ ತರಬೇತಿ ಶುರುವಾಯಿತು. ಬೆಳಿಗ್ಗೆ ಕಾಗದ ಬರೆಯುವುದು, ಆಮೇಲೆ ಬಸ್ಸು ಹತ್ತಿ ಹುನಗುಂದದ ಕಚೇರಿಗಳಿಗೆ ಹೋಗುವುದು, ಇಲ್ಲವೇ ಬಾಗಲಕೋಟೆಯಿಂದ ಬೇರಿಂಗು ತರುವುದು. ಯಾವ ಸಾಹೇಬರ ಬಳಿಯೂ ಬರಿಗೈಯಲ್ಲಿ ಹೋಗುವಂತಿಲ್ಲ. ಬಾಗಲಕೋಟೆಯಿಂದ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತರೆ ಇಳಿದು ಕರದಂಟು ಕಟ್ಟಿಸಿಕೊಳ್ಳಬೇಕು. ಅಂಗಡಿಯವನು ಬಸ್ಸಿನ ಕಿಟಕಿಯಲ್ಲಿ ಇವನ ಮುಖ ಕಂಡರೆ ಸಾಕು, ಡಬ್ಬಿಗೆ ದಾರ ಸುತ್ತಲು ತೊಡಗುತ್ತಿದ್ದ. ಬಾಗಲಕೋಟೆಗೆ ಬಂದಾಗ ಹೊಳಬಸಪ್ಪ ನನ್ನೆದುರು ನಗುತ್ತಿದ್ದ. "ಕರದಂಟಿನಾಗ ಡಿಪ್ಲೊಮಾ ಮಾಡಾಕತ್ತೇನಿ."

ಕಾಶಪ್ಪನವರನ್ನು ಕೆಟ್ಟವರೆನ್ನಲು ನನಗೆ ಬಹಳ ಆಸೆ, ಆಗುತ್ತಿಲ್ಲ. ಅವರು ಅವನನ್ನು ತಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂಡಿಸಿಕೊಳ್ಳುತ್ತಿದ್ದರು. ಹೆಂಡತಿ ಗುರುಸಿದ್ದವ್ವ ಅವನ ರೊಟ್ಟಿಗೆ ಕೇಳದೆಯೇ ಬೆಣ್ಣೆ ಹಾಕುತ್ತಿದ್ದಳು. ಪ್ರೀತಿಯೇ ಹಗ್ಗವಾಗಿ ಅವನನ್ನು ಕಟ್ಟಿಹಾಕಿತು. ಸುಭಾನಸಾಬ ಎರಡು ಸಲ ಕರೆದು, "ಬಾ ಬೇಟಾ, ಹಿಡಿ ಇದನ್ನ," ಎಂದು ಲೇತಿನ ಹಿಡಿಕೆ ಕೈಗೆ ಕೊಟ್ಟಿದ್ದ. ಎರಡೂ ಸಲ ಮುಂದಿನ ಮನೆಯಿಂದ, "ಹೊಳಬಸೂ, ಒಂದ ಕಾಗದ ಬಂದೈತಿ ನೋಡಪಾ," ಎಂಬ ಕೂಗು ಬಂತು. ಕೈ ತೊಳೆದು ಬರುವಷ್ಟು ಎಣ್ಣೆಯೂ ಹತ್ತಿರಲಿಲ್ಲ.

ಸಂಜೆ ಹೊರಡುವಾಗ ಮನೆಯ ಪಡಸಾಲೆ ದಾಟಬೇಕು. ಅಲ್ಲಿ ಹೊರಸಿನ ಮೇಲೆ ಕಾಶಪ್ಪನವರ ತಾಯಿ ಗುರುಲಿಂಗವ್ವ ವರ್ಷಗಳಿಂದ ಮಲಗಿದ್ದಳು. ನಮ್ಮಲ್ಲಿ ಹೊರಡುವವರು 'ಹೋಗ್ತೇನಿ' ಎನ್ನುವುದಿಲ್ಲ. ಹೋಗುವುದೆಂದರೆ ತಿರುಗಿ ಬಾರದಂತೆ ಹೋಗುವುದು. ಅದರಲ್ಲೂ ಹಾಸಿಗೆ ಹಿಡಿದವರ ಮುಂದೆ ಆ ಮಾತು ಆಡಿದರೆ ಹಲ್ಲು ಮುರಿದಾರು. ಹೊಳಬಸಪ್ಪ ದಿನಾಲೂ "ಬರ್ತೇನ್ರಿ ಅವ್ವಾರ" ಎನ್ನುತ್ತಿದ್ದ. ಮುದುಕಿ "ಬಾ ಯಪ್ಪಾ" ಎನ್ನುತ್ತಿದ್ದಳು. ಒಳಗಿನಿಂದ ಕಾಶಪ್ಪನವರು, "ಹಾಂ, ಬಾ. ನಾಳೆ ಲಗೂನ ಬಾ," ಎನ್ನುತ್ತಿದ್ದರು.

ಆರು ತಿಂಗಳಾಯಿತು. ಸರ್ಟಿಫಿಕೇಟು ಕೇಳಿದ. ಕಾಶಪ್ಪನವರು ವರ್ಕ್‌ಶಾಪಿನ ಹೆಸರು ಅಚ್ಚು ಹಾಕಿಸಿದ ಕಾಗದ ತೆಗೆದು ಮುಂದಿಟ್ಟರು.

"ನೀನ ಬರಿ. ನನಗೇನ ಇಂಗ್ಲಿಷ್ ಬರತೈತೇನು? ಚಲೋ ಬರಿ, ಕಡಿಮಿ ಬರಿಬ್ಯಾಡ. ನಾ ಸಹಿ ಮಾಡ್ತೇನಿ."

ಖರೆ ಹೇಳಬೇಕೆಂದರೆ ಬರೆಯಲು ಒಂದು ಸಾಲೂ ಇರಲಿಲ್ಲ. ಅವನು ಅರ್ಧ ತಾಸು ಕಾಗದ ನೋಡುತ್ತ ಕೂತನಂತೆ. ಆಮೇಲೆ, ಲೇತ್ ಮೇಲೆ ಸ್ವತಂತ್ರವಾಗಿ ಕೆಲಸ ಮಾಡಿದ್ದಾನೆ, ಡ್ರಿಲ್ಲಿಂಗ್, ವೆಲ್ಡಿಂಗ್ ಬಲ್ಲ ಎಂದು ಆರು ಸಾಲು ದುಂಡಗೆ ಬರೆದ. ಏನು ಬರೆದೆ ಎಂದು ಸುಭಾನಸಾಬ ಕೇಳಿದ. ಇವನು ಕನ್ನಡದಲ್ಲಿ ಹೇಳಿದ. ಸುಭಾನಸಾಬ ಲೇತ್ ಒರೆಸುವುದನ್ನು ನಿಲ್ಲಿಸಲಿಲ್ಲ.

"ಕಾಗದ ಏನರ ಹೇಳ್ಲಿ ಬೇಟಾ, ಮಶಿನ್ ಮುಂದ ನಿಂತಾಗ ಅದು ಬ್ಯಾರೆ ಹೇಳತೈತಿ."

ಮಶಿನ್ ಹಾಗೆ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದೆ. ೧೯೭೯ರಲ್ಲಿ ನಮ್ಮ ಕಾರ್ಖಾನೆಯಲ್ಲಿ ಒಂದು ಜಾಗ ಖಾಲಿಯಾಯಿತು. ನಾನು ಆರು ತಿಂಗಳು ಗೇಜಿನ ಮುಳ್ಳು ನೋಡಿ ಪುಸ್ತಕದಲ್ಲಿ ಬರೆದಿದ್ದು ಬಿಟ್ಟರೆ ಏನೂ ಕಲಿತಿರಲಿಲ್ಲ, ಆದರೂ ಅಷ್ಟೊತ್ತಿಗೆ ಕಾಯಂ ಆಗಿದ್ದೆ. ನನ್ನನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಹೊಳಬಸಪ್ಪನಿಗೆ ಪರೀಕ್ಷೆ ಇಟ್ಟರು. ಅವನು ಪೆಟ್ಟಿಗೆಯಿಂದ ತೆಗೆದ ಖಾಕಿ ಹಾಕಿಕೊಂಡು ಬಂದಿದ್ದ, ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಒಂದು ರಾಡು ಕೊಟ್ಟು, ತುದಿ ಸಾಪು ಮಾಡು ಎಂದರು. ಅವನು ರಾಡನ್ನು ಲೇತಿನ ತಿರುಗುವ ಚಕ್‌ಗೆ ಸಿಕ್ಕಿಸಿ, ಚಾವಿಯಿಂದ ಬಿಗಿ ಮಾಡಿದ. ಚಾವಿಯನ್ನು ಅಲ್ಲೇ ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದ. ಚಕ್ ತಿರುಗಿದ್ದರೆ ಚಾವಿ ಸಿಡಿದು ಯಾರದಾದರೂ ತಲೆ ಒಡೆಯುತ್ತಿತ್ತು. ಲೇತ್ ಹಿಡಿದ ಮೊದಲ ದಿನವೇ ಕಲಿಸುವ ಪಾಠ ಅದು. ಫೋರ್ಮನ್ ಓಡಿ ಬಂದು ಅವನ ಕೈ ಹಿಡಿದ. ಆಮೇಲೆ ಸರ್ಟಿಫಿಕೇಟನ್ನೂ ಅಂಗಿಯನ್ನೂ ಒಮ್ಮೆ ನೋಡಿದ.

"ಇದ ಖಾಕಿ ಹಾಕ್ಕೊಂಡು ಆರ ತಿಂಗಳು ಲೇತ್ ನಡಿಸೀರೇನ್ರಿ?"

ಹೊಳಬಸಪ್ಪ ನೆಲ ನೋಡಿದ. ಅವನು ನನ್ನತ್ತ ನೋಡಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಾಚಿಕೆಯಿಂದ ಸತ್ತುಹೋಗುವಂತಾಗಿತ್ತು, ಆದರೂ ಬಿಡಲಿಲ್ಲ.

ಮರುದಿನ ಅವನು ಇಳಕಲ್ಲಿಗೆ ತಿರುಗಿ ಹೋದ. ಇನ್ನೆಲ್ಲಿಗೆ ಹೋಗಬೇಕು? ಡಿಪ್ಲೊಮಾ ಏನೋ ಕೈಯಲ್ಲಿತ್ತು, ಆದರೆ ಎಲ್ಲಿ ಹೋದರೂ ಮಶಿನ್ ಮುಂದೆ ನಿಲ್ಲಿಸುತ್ತಾರೆ. ಕಾಶಪ್ಪನವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಬಂದಿ? ಬಾ. ಬರ್ತೇನಿ ಅಂತ ಹೇಳೇ ಹೋಗಿದ್ದಿ ನೀ," ಎಂದು ಟಪಾಲಿನ ಕಟ್ಟು ಮುಂದಿಟ್ಟರು. ಈ ಸಲ ಲೇತ್ ಕಲಿಯುತ್ತೇನೆ ಎಂದು ಹಟ ಹಿಡಿದು ಹೋಗಿದ್ದ. ಅಷ್ಟರಲ್ಲಿ ಸುಭಾನಸಾಬನ ಅಳಿಯ ಲೇತಿಗೆ ನಿಂತಿದ್ದ. ಬಿಳಿ ಅಂಗಿಯವನಿಗೆ ಅಲ್ಲಿ ತೆರವಿರಲಿಲ್ಲ.

ಮೂರು ವರ್ಷ ಕಳೆದ ಮೇಲೆ, ನನ್ನ ಪಾಪದ ಭಾರಕ್ಕೋ ಏನೋ, ಹುಬ್ಬಳ್ಳಿಯ ಒಂದು ಕಾರ್ಖಾನೆಯ ಜಾಹೀರಾತು ಕತ್ತರಿಸಿ ಅವನಿಗೆ ಕಳಿಸಿದೆ. ಒಂದು ವರ್ಷ ಲೇತ್ ಮೇಲೆಯೇ ತರಬೇತಿ, ಏನೂ ಬಾರದವರನ್ನೂ ತೆಗೆದುಕೊಳ್ಳುತ್ತಾರೆ. ಅವನಿಗೆ ಜಾಗ ಸಿಕ್ಕಿತು. ಸೋಮವಾರ ಬೆಳಿಗ್ಗೆ ಹಾಜರಾಗಬೇಕು, ತಪ್ಪಿದರೆ ಮುಂದಿನವನಿಗೆ. ಶನಿವಾರ ಸಂಜೆ ಅವನು ಹೇಳಿಬಿಡಲು ಗಟ್ಟಿ ಮನಸ್ಸು ಮಾಡಿ ಪಡಸಾಲೆಗೆ ಬಂದ. ಕಾಶಪ್ಪನವರು ತಾಯಿಯ ಕಾಲ ಬಳಿ ಕೂತಿದ್ದರು. ಮುದುಕಿಗೆ ಎರಡು ದಿನದಿಂದ ಉಸಿರು ಮೇಲಾಗಿತ್ತು. ಇವನು ಬಾಯಿ ತೆರೆದ. ಬಾಯಿಂದ ಬಂದದ್ದು, "ಬರ್ತೇನ್ರಿ ಅವ್ವಾರ."

"ಬಾ ಯಪ್ಪಾ," ಎಂದಳು ಗುರುಲಿಂಗವ್ವ. "ನಾಳೆ ಬದಾಮಿಗಿ ಹೋಗಿ ಬನಶಂಕರಿ ಬಂಡಾರ ತಂದುಕೊಡು. ಸೋಮಾರ ನಿನ್ನ ಕೈಲೆ ಹಣಿಗಿ ಹಚ್ಚಿಸ್ಕೊಂಡು ಕಣ್ಣ ಮುಚ್ಚತೇನಿ."

ಅವನು ಭಾನುವಾರ ಬಾದಾಮಿಗೆ ಹೋದ. ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಯಾರೋ ಮುಂದಿನವನು ಲೇತಿನ ಮುಂದೆ ನಿಂತಾಗ ಇವನು ಮುದುಕಿಯ ಹಣೆಗೆ ಅರಿಶಿನದ ಪುಡಿ ಹಚ್ಚುತ್ತಿದ್ದ. ಮುದುಕಿ ಕಣ್ಣು ಮುಚ್ಚಲಿಲ್ಲ. ಎದ್ದು ಕೂತು ಗಂಜಿ ಕುಡಿದು ಇನ್ನೂ ಎರಡು ವರ್ಷ ಬದುಕಿದಳು.

ನಾನು ಸಿಟ್ಟಿನಿಂದ ಇಳಕಲ್ಲಿಗೇ ಹೋಗಿ ಅವನನ್ನು ತರಾಟೆಗೆ ತೆಗೆದುಕೊಂಡೆ. "ಒಂದ ಮಾತ ಹೇಳಾಕ ಆಗಲಿಲ್ಲೇನಲೇ ನಿನಗ?"

"ಯಾವ ಮಾತ ಹೇಳ್ಲಿ? ಸಾಯಾಕ ಬಿದ್ದ ಮುದುಕಿ ಮುಂದ ಹೋಗ್ತೇನಿ ಅನ್ಲೇನು?" ಎಂದ. ಟಪಾಲಿನ ಕಟ್ಟು ಬಿಚ್ಚುತ್ತ, "ಆ ಮಾತು ನನಗ ಎಂದೂ ಬರೂದಿಲ್ಲ ಸಂಗಯ್ಯಾ. ಉಳಕಿದ್ದೆಲ್ಲಾ ಬರತೈತಿ," ಎಂದ. ಅವನು ನಗುತ್ತಿರಲಿಲ್ಲ.

೧೯೮೮ರಲ್ಲಿ ನನ್ನ ಕಿರಿಯ ತಮ್ಮನ ಸರದಿ ಬಂತು. ಅದೇ ಕೋರ್ಸು, ಅದೇ ಆರು ತಿಂಗಳು, ಅದೇ ಉತ್ತರ ಬಾರದ ಅರ್ಜಿಗಳು. ನನ್ನ ಮಾವ ತೀರಿಕೊಂಡಿದ್ದ, ಅವನ ಜೊತೆಗೆ ನಮ್ಮ ವಶೀಲಿಯೂ. ನಾಚಿಕೆ ನುಂಗಿಕೊಂಡು ತಮ್ಮನನ್ನು ಹೊಳಬಸಪ್ಪನ ಬಳಿ ಕರೆದುಕೊಂಡು ಹೋದೆ. ಅವನೀಗ ಅಲ್ಲಿಯ ಮ್ಯಾನೇಜರು. ಕಾಶಪ್ಪನವರು ಲಕ್ವ ಹೊಡೆದು ತಾಯಿ ಮಲಗಿದ್ದ ಹೊರಸಿನ ಮೇಲೆಯೇ ಮಲಗಿದ್ದರು. ಇವನಿಲ್ಲದೆ ಅವರಿಗೆ ಒಂದು ಕಾಗದವೂ ತಿಳಿಯದು, ಹೀಗಾಗಿ ಇವನು ಹೇಳಿದ್ದು ಅಲ್ಲಿ ನಡೆಯುತ್ತಿತ್ತು.

ತಮ್ಮ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹೊಳಬಸಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಕಪಾಟಿನಿಂದ ಒಂದು ಖಾಕಿ ಜೋಡಿ ತೆಗೆದುಕೊಟ್ಟ. ಅದು ಯಾವುದೆಂದು ನನಗೆ ತಿಳಿಯಿತು. ಮಡಿಕೆಯ ಗೆರೆಯಲ್ಲಿ ಬಟ್ಟೆ ಬಿಳಿಚಿತ್ತು.

"ಹಾಕ್ಕೊ. ಇವತ್ತ ಸಂಜಿ ಅನ್ನೂದ್ರಾಗ ಹೊಲಸಾಗಿರಬೇಕು ಅದು. ಲೇತ್ ಬಿಟ್ಟು ಆಚೆ ಸರಿದಿ ಅಂದ್ರ, ಟೇಬಲ್ ಮ್ಯಾಲಿನ ಕಾಗದ ಮುಟ್ಟಿದಿ ಅಂದ್ರ ಕಾಲ ಮುರಿತೇನಿ," ಎಂದ. ಆಮೇಲೆ ದನಿ ತಗ್ಗಿಸಿ, "ಇನ್ನೊಂದು. ಆರ ತಿಂಗಳ ಮುಗದ ದಿನಾ ಹೊಂಟಾಗ ಬರ್ತೇನಿ ಅನ್ನಬ್ಯಾಡ. ಹೋಗ್ತೇನಿ ಅನ್ನು," ಎಂದ. ಹುಡುಗ ನನ್ನ ಮುಖ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ.

ಆರು ತಿಂಗಳು ಮುಗಿದ ದಿನ ನಾನೇ ಕರೆತರಲು ಹೋಗಿದ್ದೆ. ಸರ್ಟಿಫಿಕೇಟನ್ನು ಹೊಳಬಸಪ್ಪ ಬರೆದಿದ್ದ, ಈ ಸಲ ಅದರಲ್ಲಿ ಸುಳ್ಳಿರಲಿಲ್ಲ. ತಮ್ಮನ ಮೈಮೇಲೆ ಅದೇ ಖಾಕಿ, ಎದೆಯಿಂದ ಮೊಣಕಾಲಿನ ತನಕ ಕಪ್ಪಗೆ ಎಣ್ಣೆ ಕುಡಿದಿತ್ತು. ಹೊಳಬಸಪ್ಪ ಅದರ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ, ಬೆರಳು ಮೂಸಿ ನೋಡಿದ. ನಾನು ಬೇರೆ ಕಡೆ ತಿರುಗಿಕೊಂಡೆ.

ಪಡಸಾಲೆಯಲ್ಲಿ ತಮ್ಮ ಕಾಶಪ್ಪನವರಿಗೆ ಕೈಮುಗಿದ. ನಾಲಿಗೆ ತಡವರಿಸಿತು, ಆದರೂ ಅಂದ. "ಹೋಗ್ತೇನ್ರಿ."

ಹೊರಸಿನ ಮೇಲಿನ ಮುಖ ಬಿಗಿಯಿತು. "ಹಂಗ ಅನ್ನಬಾರದಪಾ," ಎಂದರು ಕಾಶಪ್ಪನವರು, ಒಂದು ಕಡೆಗೆ ಸೊಟ್ಟಾದ ಬಾಯಿಂದ.

"ಅನ್ಲಿ ಬಿಡ್ರಿ," ಎಂದ ಹೊಳಬಸಪ್ಪ. "ಹೋಗವ ಹೋಗ್ತೇನಿ ಅನ್ಲಿ."

ಬಸ್ ಸ್ಟ್ಯಾಂಡಿನ ತನಕ ಅವನೂ ನಮ್ಮೊಡನೆ ಹೊರಟ, ಅಲ್ಲಿಂದ ಹಾಗೆಯೇ ತನ್ನ ಮನೆಗೆ ಹೋಗುವವನಿದ್ದ. ಕಪಾಟಿಗೆ ಬೀಗ ಹಾಕಿದ, ಬಿಳಿ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ, ಚಪ್ಪಲಿ ಮೆಟ್ಟಿದ. ಹೊಸ್ತಿಲ ಬಳಿ ನಿಂತು ಹೊರಸಿನ ಕಡೆ ತಿರುಗಿದ.

"ಬರ್ತೇನ್ರಿ."

"ಹಾಂ, ಬಾ," ಎಂದರು ಕಾಶಪ್ಪನವರು. "ನಾಳೆ ಲಗೂನ ಬಾ."