ಜೀಪು ಎತ್ತಿಬಿಟ್ಟರಂತೆ

ಕಳೆದ ವಾರ ನಮ್ಮ ಜೀಪು ಕಳುವಾಯಿತು. ಹಂಪಾಪುರದಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ನನಗೆ ಗೊತ್ತಾಗುವುದಾದರೂ ಹೇಗೆ? ಆ ಹೊತ್ತಿಗೆ ನಾನು ಅದೇ ಜೀಪನ್ನು ಓಡಿಸಿಕೊಂಡು ಹುಣಸೂರಿನಿಂದ ಊರಿಗೆ ಬರುತ್ತಿದ್ದೆ.

ಮೊದಲಿನಿಂದಲೇ ಹೇಳುತ್ತೇನೆ. ಈ ಜೀಪನ್ನು ನಮ್ಮ ಯಜಮಾನರು ಮದುವೆಗೆ ಮುಂಚೆಯೇ ಕೊಂಡಿದ್ದರು. ನನಗಿಂತ ಮೊದಲು ಅವರ ಬಾಳಿಗೆ ಬಂದದ್ದು ಎಂಬ ಕಾರಣಕ್ಕೆ ನಾನು ಅದನ್ನು ‘ದೊಡ್ಡಕ್ಕ’ ಎಂದೇ ಕರೆಯುವುದು. (ಹಿಂದೊಮ್ಮೆ ಇದರ ಹಾರ್ನ್ ಒತ್ತಿದರೆ ವೈಪರ್ ಆಡುತ್ತದೆ ಎಂದು ಈ ಅಂಕಣದಲ್ಲೇ ಬರೆದಿದ್ದೆ. ಈಗಲೂ ಆಡುತ್ತದೆ.) ಅದರ ಒಂದು ಬೋಲ್ಟ್ ಬಿಗಿ ಮಾಡಬೇಕಾದರೂ ಯಜಮಾನರ ಅಪ್ಪಣೆ ಬೇಕು. ನನ್ನ ಅಡುಗೆಮನೆಗೆ ಯಾರು ಬೇಕಾದರೂ ನುಗ್ಗಬಹುದು, ಅವರ ಬಾನೆಟ್ ಮಾತ್ರ ಯಾರೂ ಎತ್ತುವಂತಿಲ್ಲ.

ಅಂಥವರಿಗೆ ಬೆನ್ನಿನ ಡಿಸ್ಕ್ ಆಪರೇಷನ್ ಆಯಿತು. ಗುಣವೂ ಆಯಿತು. ಮೈಸೂರಿನ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ನಡೆಯಬೇಕು, ಓಡಾಡಬೇಕು, ಕೂತಲ್ಲೇ ಕೂತರೆ ಸೊಂಟ ಬಿಗಿದುಕೊಳ್ಳುತ್ತದೆ. ಆದರೆ ಎತ್ತಿ ಕುಕ್ಕುವಂಥ ಪ್ರಯಾಣ ಮಾಡಬಾರದು.

ಎತ್ತಿ ಕುಕ್ಕುವುದು ಬಿಟ್ಟು ನಮ್ಮ ಹೊಲದ ದಾರಿಗೆ ಬೇರೇನೂ ಗೊತ್ತಿಲ್ಲ.

ನಮ್ಮ ಜಮೀನಿರುವುದು ಬೀಚನಹಳ್ಳಿ ಕಡೆಗೆ, ಟಾರ್ ರಸ್ತೆ ಬಿಟ್ಟು ಒಳಗೆ. ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ಆ ದಾರಿಯ ಎರಡೂ ಬದಿಗೆ ಹಳ್ಳ ಬಿದ್ದಿದೆ, ನಡುವೆ ಉದ್ದಕ್ಕೂ ಮಣ್ಣಿನ ದಿಣ್ಣೆ ನಿಂತಿದೆ. ಟ್ರ್ಯಾಕ್ಟರಿನ ಹೊಟ್ಟೆ ಎತ್ತರ, ಅದಕ್ಕೇನೂ ಆಗುವುದಿಲ್ಲ. ಜೀಪಿನ ಹೊಟ್ಟೆ ಮಾತ್ರ ದಬಕ್ಕೆಂದು ದಿಣ್ಣೆಗೆ ಕುಕ್ಕುತ್ತದೆ. ಆಪರೇಷನ್ ಆದ ಮೇಲೆ ಒಂದೇ ಒಂದು ಸಲ ಯಜಮಾನರು ಹಟ ಮಾಡಿ ಬಂದರು. ಅರ್ಧ ದಾರಿಯಲ್ಲೇ ಕುಕ್ಕಿತು. ಅವರು ಕೂಗಲಿಲ್ಲ. ಮುಖ ಬಿಳಿಚಿಕೊಂಡಿತು ಅಷ್ಟೆ. ವಾಪಸ್ ತಿರುಗಿಸಿದೆ.

ಆಮೇಲೆ ಅವರು ಗೇಟು ದಾಟಲಿಲ್ಲ. ಹೊಲಕ್ಕಲ್ಲ, ಬಸ್‌ಸ್ಟ್ಯಾಂಡಿಗೂ ಇಲ್ಲ, ಎದುರಿನ ಅಂಗಡಿಗೂ ಇಲ್ಲ. ನೋವು ಹೋಗಿತ್ತು, ಭಯ ಉಳಿದಿತ್ತು. ಬೇಸಾಯವೆಲ್ಲ ನನ್ನ ತಲೆಗೆ ಬಂತು. ಶುರುವಿನಲ್ಲಿ ದಿನಾ ಸಂಜೆ ‘ಏನಾಯ್ತು, ನೀರು ಬಂತಾ, ಆಳು ಬಂದ್ರಾ’ ಎಂದು ನೂರು ಪ್ರಶ್ನೆ ಕೇಳುತ್ತಿದ್ದರು. ಬರಬರುತ್ತಾ ಕೇಳುವುದನ್ನೇ ಬಿಟ್ಟರು. ಪ್ರಶ್ನೆ ಕೇಳುವ ಗಂಡನಿಂದ ತಲೆ ಸಿಡಿಯುತ್ತದೆ, ನಿಜ. ಕೇಳದೆ ಟಿವಿ ನೋಡುತ್ತಾ ಕೂತ ಗಂಡನನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ನನಗೆ ನನ್ನ ಹಳೆಯ ತಲೆನೋವೇ ವಾಪಸ್ ಬೇಕಿತ್ತು.

ದಾರಿ ಸರಿ ಮಾಡಿಸಬಾರದಾ ಅನ್ನುತ್ತೀರಿ. ಪಂಚಾಯಿತಿಯವರನ್ನು ಕೇಳಿದ್ದೇನೆ. ಬೇಸಿಗೆಯಲ್ಲಿ ಕೇಳಿದರೆ ಮಳೆ ಮುಗಿಯಲಿ ಅಂದರು, ಮಳೆಯಲ್ಲಿ ಕೇಳಿದರೆ ಬೇಸಿಗೆ ಬರಲಿ ಅಂದರು. ದಾರಿ ಮೇಲೇಳುವುದಿಲ್ಲ ಎಂದಾದರೆ ಜೀಪೇ ಏಳಬೇಕು ಎಂದು ಕೊನೆಗೆ ತೀರ್ಮಾನ ಮಾಡಿದೆ.

ಕಬಿನಿ ಕಡೆಯ ರೆಸಾರ್ಟುಗಳಿಗೆ ಬರುವ ಹುಡುಗರ ಜೀಪುಗಳನ್ನು ನೀವೂ ನೋಡಿರುತ್ತೀರಿ. ಒಂಟಿಕಾಲಲ್ಲಿ ನಿಂತ ಕೊಕ್ಕರೆಯ ಹಾಗೆ ಎತ್ತರಕ್ಕೆ ನಿಂತಿರುತ್ತವೆ. ಅದಕ್ಕೆ ಅವರು ‘ಲಿಫ್ಟ್’ ಎನ್ನುತ್ತಾರೆ. ನಮ್ಮ ಕಡೆ ಲಿಫ್ಟ್ ಎಂದರೆ ರಸ್ತೆಯಲ್ಲಿ ಕೈ ಅಡ್ಡ ಹಾಕಿ ಕೇಳುವುದು, ಅಷ್ಟೆ. ಹಾಗಾಗಿ ನಾನು ‘ಎತ್ತಿಸುವುದು’ ಎಂದೆ. ಎಲ್ಲ ಅವಾಂತರ ಶುರುವಾದದ್ದು ಈ ಒಂದು ಮಾತಿನಿಂದ.

ಚಕ್ರದ ಆಕ್ಸಲ್‌ಗೂ ಗಾಡಿಯ ಚಾಸಿಗೂ ನಡುವೆ ಕಮಾನು ಪಟ್ಟಗಳಿರುತ್ತವಲ್ಲ, ಅವನ್ನು ಬದಲಿಸಿ ಇಡೀ ಗಾಡಿಯನ್ನು ನಾಲ್ಕು ಬೆರಳು ಮೇಲಕ್ಕೆ ತರುವುದು. ಕೆಲಸ ಇಷ್ಟೇ. (ಕಾನೂನು ಎಷ್ಟಕ್ಕೆ ಒಪ್ಪುತ್ತದೆ ಎಂದು ಮೊದಲೇ ವಿಚಾರಿಸಿಕೊಂಡಿದ್ದೇನೆ. ದಯವಿಟ್ಟು ಪತ್ರ ಬರೆಯಬೇಡಿ.) ನಮ್ಮ ತಾಲ್ಲೂಕು ಕೇಂದ್ರ ಕೋಟೆಯಲ್ಲಿ ಮಾಡಿಸಿದರೆ ಸಂಜೆಯೊಳಗೆ ಯಜಮಾನರ ಕಿವಿಗೆ ಬೀಳುತ್ತದೆ, ಬಿದ್ದರೆ ಕೆಲಸ ನಿಲ್ಲುತ್ತದೆ. ಅದಕ್ಕೇ ಜೀಪನ್ನು ‘ಸರ್ವಿಸ್‌ಗೆ’ ಎಂದು ಸುಳ್ಳು ಹೇಳಿ ಹುಣಸೂರಿಗೆ ಓಡಿಸಿದೆ. ಅಲ್ಲಿ ಲಾರಿಗಳ ಪಟ್ಟ ಕಟ್ಟುವ ನಯಾಜ್ ಭಾಯ್ ಇದ್ದಾರೆ. ಒಳ್ಳೆ ಕೆಲಸಗಾರ. ಆದರೆ ಅವರ ಕಣ್ಣಿಗೆ ಜಗತ್ತಿನ ಎಲ್ಲ ಗಾಡಿಯೂ ಮರ ಹೊರುವ ಲಾರಿ.

“ಎರಡು ಲಾರಿ ಪಟ್ಟ ಸೇರುಸ್ಬುಡ್ತೀನಿ ಮೇಡಂ. ಮ್ಯಾಲೆ ಆನೆ ಅತ್ತುದ್ರೂ ಬಗ್ಗಾಕಿಲ್ಲ” ಅಂದರು.

“ನಮ್ಮೆಜಮಾನ್ರು ಆನೆ ಅಲ್ಲ ಭಾಯ್. ಪಟ್ಟ ಬಗ್ಬೇಕು.”

“ಬಗ್ಗುದ್ರೆ ಎತ್ರ ಬರಲ್ಲ.”

“ಎತ್ರಾನೂ ಬರ್ಬೇಕು, ಬಗ್ಲೂಬೇಕು.”

“ಎರಡೂ ಆಗಾಕಿಲ್ಲ ಮೇಡಂ. ಇಲ್ಲಿ ಯಾರೂ ಅಂಗೆ ಕೇಳಲ್ಲ.”

“ನಾನ್ ಕೇಳ್ತಾ ಇದ್ದೀನಲ್ಲ.”

ಯಾರೂ ಕೇಳುವುದಿಲ್ಲ, ನಿಜವೇ. ನಮ್ಮ ಸೀಮೆಯಲ್ಲಿ ಜೀಪು ಎತ್ತಿಸುವವರೆಲ್ಲ ಹೊಗೆಸೊಪ್ಪು ಹೇರುವವರು, ಶುಂಠಿ ಮೂಟೆ ಹೇರುವವರು. ಅವರಿಗೆ ಗಟ್ಟಿ ಬೇಕು. ಮೂಟೆಗೆ ಬೆನ್ನು ನೋಯುವುದಿಲ್ಲವಲ್ಲ? ನನಗೆ ಬೇಕಾದದ್ದು ತೆಳು ಪಟ್ಟ, ಹೆಚ್ಚು ಕಮಾನು, ಉದ್ದನೆಯ ಶಾಕ್ ಅಬ್ಸಾರ್ಬರ್. ರಾತ್ರಿಗಳೆಲ್ಲ ಯೂಟ್ಯೂಬ್ ನೋಡಿ ಇಷ್ಟು ತಿಳಿದುಕೊಂಡಿದ್ದೆ. ನಯಾಜ್ ಭಾಯ್ ಮೂತಿ ಊದಿಸಿಕೊಂಡೇ ಒಪ್ಪಿದರು. ಜೀಪು ಬಿಟ್ಟು ನಾನು ಬಸ್ ಹತ್ತಿದೆ.

ಬಸ್ಸು ಇನ್ನೇನು ಊರು ಸೇರಬೇಕು, ನಯಾಜ್ ಭಾಯ್ ಫೋನು ಬಂತು. ಬಸ್ಸಿನ ಗದ್ದಲದಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ನೀವೇ ಕೇಳಿ:

“ಎತ್ತುದ್ರಾ? ಓ, ಆಗ್ಲೇ ಎತ್ಬುಟ್ರಾ? ಚಕ್ರ ಎಲ್ಲಾ ಬಿಚ್ಚಾಕುದ್ರಾ? ಊಂ... ಪಟ್ಟಾನೂ ಬಿಚ್ಬುಟ್ರಾ? ಆಗ್ಲಿ ಬುಡಿ, ಇನ್ನೇನ್ ಮಾಡಾದು. ಏನಾರಾ ಆಗ್ಲಿ, ನಮ್ಮೆಜಮಾನ್ರಿಗೆ ಮಾತ್ರ ಗೊತ್ತಾಗ್ಬಾರ್ದು.”

ನನ್ನ ಹಿಂದಿನ ಸೀಟಿನಲ್ಲಿ ನಮ್ಮ ಬೀದಿಯ ಪುಟ್ಟತಾಯಮ್ಮ ಕೂತಿದ್ದರು. ಇಳಿಯುವಾಗ ನನ್ನ ಭುಜ ಮುಟ್ಟಿ, ತುಂಬ ಮೃದುವಾಗಿ, “ಧೈರ್ಯ ತಕಳಿ ಅಕ್ಕ” ಅಂದರು. ಬಸ್ಸಿನಿಂದ ಇಳಿಯಲು ಧೈರ್ಯ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಆಯ್ತು ಅಂದೆ.

ನಮ್ಮೂರಲ್ಲಿ ಬೈಕು ‘ಎತ್ತಿದರು’ ಅಂದರೆ ಕದ್ದರು ಎಂದೇ ಅರ್ಥ. ಅದು ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ತಲೆ ತುಂಬ ಪಟ್ಟ ಇತ್ತು.

ಕೆಲಸ ಮುಗಿಯಿತೆಂದು ನಯಾಜ್ ಭಾಯ್ ಹೇಳಿದ ದಿನ ಬೆಳಿಗ್ಗೆಯೇ ಹುಣಸೂರಿಗೆ ಹೋದೆ. ದೊಡ್ಡಕ್ಕ ನಾಲ್ಕು ಬೆರಳು ಬೆಳೆದಿದ್ದಳು. ನೋಡಿ ಹಿಗ್ಗಿದೆ. ಆದರೆ ಹಿಗ್ಗಿ ಬಿಟ್ಟರಾಯಿತೆ? ಪಕ್ಕದ ಹೋಟೆಲಿನಿಂದ ಒಂದು ಲೋಟ ಟೀ ತರಿಸಿ, ಯಜಮಾನರು ಕೂರುವ ಜಾಗದಲ್ಲಿ ಕೂತು, “ಆ ಹಂಪ್ ಮೇಲೆ ಓಡ್ಸಿ ಭಾಯ್” ಅಂದೆ. ಟೀ ಪೂರ್ತಿ ನನ್ನ ಸೀರೆಯ ಮೇಲೆ ಬಂತು.

“ಒಂದ್ ಪಟ್ಟ ತೆಗೀರಿ.”

“ಮೇಡಂ, ಟೀ ಕುಡ್ಕೊಂಡ್ ಯಾರ್ ಜೀಪಲ್ಲಿ ಓಗ್ತಾರೆ?”

“ನೀವ್ ತೆಗೀರಿ.”

ತೆಗೆದರು. ಮತ್ತೊಂದು ಟೀ. ಈ ಸಲ ಅರ್ಧ ಉಳಿಯಿತು. ಶಾಕ್ ಅಬ್ಸಾರ್ಬರಿನ ಬುಷ್ ಬದಲಿಸಿ ಇನ್ನೊಂದು ಸುತ್ತು. ಹೋಟೆಲಿನವರು ಬಾಗಿಲಿಗೆ ಬಂದು ನೋಡುತ್ತಾ ನಿಂತರು. ಕೊನೆಗೆ ಲೋಟದ ಅಂಚು ಮಾತ್ರ ಒದ್ದೆಯಾಯಿತು. ಉಳಿದ ಟೀಯನ್ನು ನಾನೇ ಕುಡಿದು, ನಯಾಜ್ ಭಾಯ್‌ಗೆ ಕೈಮುಗಿದು ಹೊರಟೆ. ಅವರು ಈಗಲೂ ಎರಡು ಲಾರಿ ಪಟ್ಟವೇ ಸರಿ ಎಂಬ ಅಭಿಪ್ರಾಯದಲ್ಲೇ ಇದ್ದಾರೆ.

ದಾರಿಯಲ್ಲಿ ಫೋನು ಹೊಡೆದುಕೊಂಡಿರಬೇಕು. ನಮ್ಮ ಜೀಪಿನ ಸದ್ದಿನಲ್ಲಿ ಫೋನಲ್ಲ, ರೈಲು ಬಂದರೂ ಕೇಳಿಸುವುದಿಲ್ಲ.

ಹಂಪಾಪುರ ಸೇರಿ ನಮ್ಮ ಬೀದಿಗೆ ತಿರುಗಿದರೆ ಹಾಲಿನ ಡೈರಿ ಮುಂದೆ ಜನ. ಯಾರಿಗೋ ಏನೋ ಆಯಿತು ಎಂದು ಗಾಬರಿಯಾಗಿ ನಿಧಾನ ಮಾಡಿದೆ. ಗುಂಪಿನ ನಡುವೆ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ, ಕೋಲು ಊರಿಕೊಂಡು ಒಬ್ಬರು ನಿಂತಿದ್ದರು.

ನಮ್ಮ ಯಜಮಾನರು.

ಗೇಟು ದಾಟದವರು ಒಬ್ಬರೇ ಇಡೀ ಬೀದಿ ನಡೆದು ಬಂದಿದ್ದರು. ಡೈರಿ ಸೆಕ್ರೆಟರಿ ನಮ್ಮ ಮನೆಗೆ ಬಂದು, “ಜೀಪ್ ಎತ್ಬುಟ್ರಂತಲ್ಲಣ್ಣ, ಬಿಚ್ಚಿ ಮಾರ್ಕಬುಟ್ರಂತೆ, ಸ್ಟೇಷನ್‌ಗೆ ಓಗಾನ ಬನ್ನಿ” ಎಂದು ಸಮಾಧಾನ ಹೇಳಿದ್ದನಂತೆ. ಇವರು ನನಗೆ ಫೋನು ಮಾಡಿದ್ದಾರೆ, ನಾನು ತೆಗೆದಿಲ್ಲ. ಕೋಲು ತೆಗೆದುಕೊಂಡು ಹೊರಟೇಬಿಟ್ಟಿದ್ದಾರೆ. ಅದೇನು ಡಾಕ್ಟರು, ಅದೇನು ಫಿಸಿಯೋಥೆರಪಿ. ಒಂದು ಸುಳ್ಳು ಸುದ್ದಿಗೆ ಇಷ್ಟು ಶಕ್ತಿ ಇದೆಯೆಂದು ಗೊತ್ತಿದ್ದರೆ ಯಾವತ್ತೋ ಹಬ್ಬಿಸುತ್ತಿದ್ದೆ.

ಜೀಪು ಕಂಡು ಜನ ದಾರಿ ಬಿಟ್ಟರು. ಯಜಮಾನರು ಹತ್ತಿರ ಬಂದು ನನ್ನನ್ನು ನೋಡಲಿಲ್ಲ, ಚಕ್ರ ನೋಡಿದರು.

“ಎಲ್ಲಿತ್ತು?”

“ಉಣಸೂರಲ್ಲಿ.”

“ಯಾರು ಎತ್ತಿದ್ದು?”

“ನಾನೇ ಎತ್ತುಸ್ದೆ ಕಣ್ರೀ.”

“ಅಯ್ಯೋ, ಸ್ವಂತ ಜೀಪ್ನ ಯಾರಾದ್ರೂ ಕದಿಸ್ತಾರಾ ಅಕ್ಕ?” ಅಂದರು ಪುಟ್ಟತಾಯಮ್ಮ, ನಿಜವಾಗಿಯೂ ನೊಂದುಕೊಂಡು.

ಯಜಮಾನರಿಗೆ ಮಾತ್ರ ಆ ಹೊತ್ತಿಗೆ ಅರ್ಥವಾಗಿತ್ತು. ಮಡ್‌ಗಾರ್ಡ್ ಹಿಡಿದು ಒಂಚೂರು ಬಗ್ಗಿದರು. ಕೆಳಗೆ ಇಣುಕಿದರು. ಮುಂದಿನ ಪಟ್ಟ, ಹಿಂದಿನ ಪಟ್ಟ, ಮತ್ತೆ ಮುಂದಿನ ಪಟ್ಟ. ಬೈಗುಳಕ್ಕೆ ನಾನು ಸಿದ್ಧವಾಗಿ ಕೂತೆ. ಅವರು ಬೈಯಲಿಲ್ಲ.

“ಯಾಕೆ ಎತ್ತುಸ್ದೆ?” ಅಂದರು.

“ನೀವ್ ಒಲಕ್ ಬರ್ಬೇಕು ಅಂತ.”

ಮಡ್‌ಗಾರ್ಡಿನ ಧೂಳನ್ನು ಟವೆಲಿನಿಂದ ಒರೆಸಿ, “ನಡಿ ಮತ್ತೆ” ಅಂದರು.

“ಮನೆಗಾ?”

“ಒಲಕ್ಕೆ.”

ಅವರು ಕೋಲನ್ನು ಒಳಗಿಟ್ಟು, ಕಂಬಿ ಹಿಡಿದು ಕಾಲೆತ್ತಿದರು. ಕಾಲು ಮೇಲೆ ಬರಲಿಲ್ಲ. ಇನ್ನೊಂದು ಸಲ ಎತ್ತಿದರು. ನಾಲ್ಕು ಬೆರಳು ಕಡಿಮೆ ಬಿತ್ತು, ಸರಿಯಾಗಿ ನಾಲ್ಕೇ ಬೆರಳು.

ದಿಣ್ಣೆ ಅಳೆದಿದ್ದೆ, ಹೊಟ್ಟೆ ಅಳೆದಿದ್ದೆ, ಟೀ ಲೋಟ ಹಿಡಿದು ಕುಲುಕಾಟ ಅಳೆದಿದ್ದೆ. ನನ್ನ ಗಂಡನ ಕಾಲು ಎಷ್ಟು ಮೇಲೇಳುತ್ತದೆಂದು ನೋಡಿರಲೇ ಇಲ್ಲ. ಅಷ್ಟು ಜನರ ಮುಂದೆ ಅವರ ಮುಖ ನೋಡಲಾಗದೆ ನಾನು ಸ್ಟೀರಿಂಗ್ ನೋಡುತ್ತಾ ಕೂತೆ. ಈಗ ಇವರು ಮನೆಗೆ ತಿರುಗಿದರೆ ಮತ್ತೆ ಹೊರಗೆ ಬರುವುದಿಲ್ಲ. ಅದು ನನಗೆ ಗೊತ್ತಿತ್ತು.

“ಎತ್ತಿ ಕೂರುಸ್ತೀವಿ ಬುಡಣ್ಣ” ಎಂದು ಸೆಕ್ರೆಟರಿ ಮುಂದೆ ಬಂದ. ಜೊತೆಗೆ ಇನ್ನಿಬ್ಬರು.

“ನನ್ನ ಯಾರೂ ಎತ್ಬ್ಯಾಡಿ” ಅಂದರು ಯಜಮಾನರು. ದನಿ ಏರಿಸಲಿಲ್ಲ, ಆದರೂ ಮೂವರೂ ಹಿಂದೆ ಸರಿದರು.

ಆಮೇಲೆ ಸುತ್ತ ನೋಡಿದರು. ಡೈರಿಯ ಮುಂದೆ ಹಾಲಿನ ಕ್ಯಾನ್ ಇಡುವ ಸಿಮೆಂಟ್ ಜಗಲಿ ಇದೆ, ಪಕ್ಕದಲ್ಲಿ ಮೆಟ್ಟಿಲಿದೆ. ಕೋಲು ವಾಪಸ್ ತೆಗೆದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಕ್ಯಾನುಗಳ ನಡುವೆ ಹೋಗಿ ನಿಂತರು. “ಇಲ್ಲಿಗ್ ತಕಂಡ್ ಬಾ. ಒತ್ತುಸ್ಕೊಂಡು ನಿಲ್ಸು” ಅಂದರು. ತಂದೆ. ಜಗಲಿಯೂ ಜೀಪಿನ ನೆಲವೂ ಸರಿಸಮ. ನಡುಮನೆಯಿಂದ ಪಡಸಾಲೆಗೆ ಹೋಗುವ ಹಾಗೆ ಒಳಗೆ ಬಂದು ಕೂತರು. ಯಾರೋ ಚಪ್ಪಾಳೆ ತಟ್ಟಲು ಹೋಗಿ, ಇನ್ನೂ ಕಳ್ಳತನದ ದುಃಖದಲ್ಲೇ ಇದ್ದ ಪುಟ್ಟತಾಯಮ್ಮನ ಮುಖ ನೋಡಿ ನಿಲ್ಲಿಸಿದರು.

ಟಾರ್ ರಸ್ತೆ ಮುಗಿದು ಹೊಲದ ದಾರಿ ಶುರುವಾಯಿತು. ಯಜಮಾನರ ಎಡಗೈ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಅವತ್ತು ಕುಕ್ಕಿದ ಜಾಗ ಇಬ್ಬರಿಗೂ ಗೊತ್ತು. ಮೊದಲ ಗೇರಿನಲ್ಲಿ, ಉಸಿರು ಹಿಡಿದು, ಇಳಿಸಿದೆ. ಚಕ್ರ ಹಳ್ಳಕ್ಕೆ ಇಳಿಯಿತು, ಪಟ್ಟ ಬಗ್ಗಿತು, ದಿಣ್ಣೆ ನಮ್ಮ ಹೊಟ್ಟೆಯ ಕೆಳಗೆ ಸುಮ್ಮನೆ ಹಾದುಹೋಯಿತು. ತಿರುಗಿ ನೋಡಿದರೆ ಅವರ ಕೈ ಕಂಬಿ ಬಿಟ್ಟು ತೊಡೆಯ ಮೇಲೆ ಬಂದಿತ್ತು. ನನಗೆ ಅಳು ಬಂತು. ಒಂದು ಕಾಲು ಕ್ಲಚ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ ಇಟ್ಟುಕೊಂಡು ಅಳುವುದು ಬಹಳ ಕಷ್ಟ. ಆದರೂ ಅತ್ತೆ.

ಹೊಲದಲ್ಲಿ ಜಗಲಿ ಇಲ್ಲ. ಇಳಿಸುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಬದುವಿನ ಕಡೆ ಬೆರಳು ತೋರಿಸಿದರು. ಜೀಪನ್ನು ಬದುವಿಗೆ ತಾಗಿಸಿ ನಿಲ್ಲಿಸಿದೆ. ಅವರೇ ಎತ್ತರಕ್ಕೆ ಕಟ್ಟಿಸಿದ ಬದು. ಕೋಲು ಊರಿ ಅದರ ಮೇಲೆ ಕಾಲಿಟ್ಟರು, ನಿಂತರು, ನಿಧಾನಕ್ಕೆ ನಡೆದರು. ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಎಷ್ಟೋ ತಿಂಗಳ ಮೇಲೆ ಹೊಲಕ್ಕೆ ಬಂದ ಮನುಷ್ಯ ಏನಾದರೂ ಒಳ್ಳೆಯ ಮಾತು ಆಡುತ್ತಾರೆ, ‘ಚೆನ್ನಾಗಿ ನೋಡಿಕೊಂಡಿದ್ದೀಯ’ ಅನ್ನುತ್ತಾರೆ ಎಂದು ನಾನು ಸೆರಗಲ್ಲಿ ಕಣ್ಣು ಒರೆಸಿಕೊಂಡು ಹಿಂದೆ ನಿಂತೆ.

ಅವರು ಶುಂಠಿ ಪಾತಿಯ ಹತ್ತಿರ ನಿಂತರು. ಮಳೆಗೆ ಬುಡದ ಮಣ್ಣು ಕೊಚ್ಚಿಹೋಗಿ ಗೆಡ್ಡೆಗಳು ಹೊರಗೆ ಇಣುಕುತ್ತಿದ್ದವು. ಅದನ್ನು ಕೋಲಿನಿಂದ ತೋರಿಸಿ, ಅಷ್ಟು ಜನ ಆಳುಗಳಿಗೂ ಕೇಳಿಸುವ ಹಾಗೆ ಕೇಳಿದರು:

“ಜೀಪ್ ಎತ್ತುಸ್ದೋಳು, ಶುಂಠಿಗೆ ಮಣ್ಣು ಏರುಸ್ಲಿಲ್ವೇನೇ?”