ಟವಲ್ಲಿನ ಕೆಳಗೆ ನಡುಗಿದ ಕೈ

ದನದ ವ್ಯಾಪಾರದಲ್ಲಿ ಬಾಯಿಗಿಂತ ಬೆರಳಿಗೆ ಕೆಲಸ ಹೆಚ್ಚು. ಕೊಳ್ಳುವವನೂ ಮಾರುವವನ ಕಡೆಯ ದಲ್ಲಾಳಿಯೂ ಎದುರುಬದುರು ನಿಂತು ಒಂದು ಟವಲ್ಲಿನ ಕೆಳಗೆ ಕೈ ಸೇರಿಸುತ್ತಾರೆ. ಒಂದೊಂದು ಬೆರಳಿಗೂ ಇಂತಿಷ್ಟು ಸಾವಿರ, ಎಷ್ಟು ಬೆರಳು ಹಿಡಿದರೆ ಅಷ್ಟು ರೇಟು. ಸುತ್ತ ನಿಂತವರಿಗೆ ಕಾಣುವುದು ಟವಲ್ಲಿನ ಅಲುಗಾಟ ಮಾತ್ರ. ಹಿಡಿದ ಬೆರಳನ್ನು ಆಮೇಲೆ ಹಿಡಿದಿಲ್ಲ ಎನ್ನುವಂತಿಲ್ಲ. ಹಾಗೆಂದವನ ಜೊತೆ ಮತ್ತೆ ಯಾರೂ ಕೈ ಸೇರಿಸುವುದಿಲ್ಲ. ನಾನೂ ಅಂಥ ಒಬ್ಬ ದಲ್ಲಾಳಿ. ನನಗೆ ಅಪ್ಪನಿಂದ ಬಂದ ಆಸ್ತಿ ಎಂದರೆ ಒಂದು ಹಗ್ಗ, ಒಂದು ಕೋಲು. ಮಿಕ್ಕಿದ್ದೆಲ್ಲ ಈ ಬಲಗೈ ಸಂಪಾದಿಸಿದ್ದು.

ಸಂತೆಯ ದಿನಕ್ಕೆ ನಾನೇ ಮಾಡಿಕೊಂಡ ಒಂದು ಕಟ್ಟಳೆಯಿತ್ತು: ವ್ಯಾಪಾರ ಕುದುರುವ ತನಕ ಹೊಟ್ಟೆಗೆ ಏನೂ ಹಾಕಬಾರದು. ಹೊಟ್ಟೆ ತುಂಬಿದವನಿಗೆ ನೆರಳು ಬೇಕೆನಿಸುತ್ತದೆ, ನೆರಳು ಬೇಕೆನಿಸಿದವನು ಬೇಗ ಒಪ್ಪಿಬಿಡುತ್ತಾನೆ. ಕಂಡವರಿಗೆಲ್ಲ ಈ ಬುದ್ಧಿ ಹೇಳಿದ್ದೇನೆ. ಕೇಳಿದವರು ದಯವಿಟ್ಟು ಮರೆತುಬಿಡಿ.

ಆ ದಿನ ಅಜ್ಜಂಪುರದ ಕಡೆಯ ಸಂತೆಯಲ್ಲಿ ನನ್ನ ಕೈಯಲ್ಲಿ ಒಂದು ಜೋಡಿ ಹೋರಿ ಇದ್ದವು. ಬೂದು ಮೈ, ಹಿಂದಕ್ಕೆ ಬಾಗಿದ ಕೊಂಬು, ಮೈಗೂದಲಿನ ಸುಳಿಯಲ್ಲಿ ದೋಷವಿಲ್ಲ. ಕೊಳ್ಳಲು ಬಂದವರು ಬುಕ್ಕಾಂಬುಧಿಯ ಹಿರಿಯ ರೈತರೊಬ್ಬರು, ನಾವೆಲ್ಲ ಯಜಮಾನರು ಎನ್ನುವವರು. ಟ್ರಾಕ್ಟರ್ ಬಂದು ಎಷ್ಟೋ ಕಾಲವಾದರೂ ತೆಂಗಿನ ಸಾಲಿನ ನಡುವೆ ಎತ್ತೇ ಬೇಕೆನ್ನುವವರು, ಎತ್ತು ಬೇಕಾದರೆ ನನ್ನ ಕೈಯನ್ನೇ ಹುಡುಕಿಕೊಂಡು ಬರುವವರು. ಅವರು ಒಪ್ಪಿದರೆ ಸಂತೆ ಒಪ್ಪಿದ ಹಾಗೆ.

ಟವಲ್ ಬಿತ್ತು. ಅವರು ನನ್ನ ನಾಲ್ಕು ಬೆರಳು ಹಿಡಿದರು. ಐದೂ ಹಿಡಿಯಬೇಕೆಂದು ನಾನು ಅವರ ಕೈ ಹುಡುಕಿದೆ. ಅಷ್ಟರಲ್ಲಿ ಅಂಗೈ ಬೆವೆತು ಜಾರತೊಡಗಿತು, ಮೊಣಕೈ ತನಕ ನಡುಕ. ಕಣ್ಣ ಮುಂದೆ ಎರಡಿದ್ದ ಹೋರಿ ನಾಲ್ಕಾದವು. ನಾನು ಏನನ್ನು ಹಿಡಿದೆನೋ ನನಗೇ ತಿಳಿಯಲಿಲ್ಲ. ಯಜಮಾನರು ಟವಲ್ಲನ್ನು ಕಿತ್ತು ಹೆಗಲಿಗೆ ಹಾಕಿಕೊಂಡರು.

"ಏನ್ಲಾ ಇದು? ನಾನು ನಾಕು ಕೊಟ್ರೆ ನೀನು ಮೂರು ಕೇಳ್ತಾ ಇದೀಯ! ಮಾರೋಕ್ ಬಂದಿದೀಯೋ ದಾನ ಮಾಡೋಕ್ ಬಂದಿದೀಯೋ?"

ಸುತ್ತಲಿದ್ದವರು ಗೊಳ್ಳೆಂದರು. ಉತ್ತರ ಕೊಡಲು ಹೋದರೆ ನಾಲಿಗೆ ತೊದಲಿತು.

"ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕಂಡ್ ಬಂದವ್ನೆ ಕಣ್ರೋ," ಎಂದು ಯಾರೋ ಕೂಗಿದರು.

ಯಜಮಾನರು ನಗಲಿಲ್ಲ. "ಮೂರಕ್ಕೆ ಹೊಡ್ಕಂಡ್ ಹೋಗ್ಬೋದಿತ್ತು. ಆದ್ರೆ ಕುಡ್ದೋನ್ ಕೈಯಿಂದ ನಂಗೆ ದನ ಬ್ಯಾಡ. ಇನ್ ಮೇಲೆ ನಿನ್ ಕೈನೂ ಬ್ಯಾಡ," ಎಂದು ಹೊರಟೇ ಹೋದರು.

ಯಾರೋ ಟೀ ಅಂಗಡಿಯಲ್ಲಿ ಕೂರಿಸಿದರು. ಸಕ್ಕರೆ ಹೆಚ್ಚಿಗೆ ಬಿದ್ದ ಟೀ, ಒಂದು ಬನ್ನು. ಸ್ವಲ್ಪ ಹೊತ್ತಿಗೆ ತಲೆ ತೊಳೆದಿಟ್ಟಷ್ಟು ಸ್ವಚ್ಛ! ಆದರೆ ಅಷ್ಟರಲ್ಲಿ ಸುದ್ದಿ ಕಡೂರು ಮುಟ್ಟಿತ್ತು. ಮುಂದಿನ ಸಂತೆಗಳಲ್ಲಿ ನಾನು ಟವಲ್ ಹಿಡಿದು ನಿಂತರೆ ನಮಸ್ಕಾರ ಹೇಳಿ ಮುಂದೆ ಹೋಗುವವರೇ ಎಲ್ಲ. ಬಾಯಿಗೆ ಹನಿ ಮುಟ್ಟಿಸದ ನಾನು ಕುಡುಕನಾಗಿದ್ದೆ.

ನನ್ನನ್ನು ಕುಡುಕನಲ್ಲ ಎಂದವಳು ಹೆಂಡತಿ ಒಬ್ಬಳೇ. ಪ್ರೀತಿಯಿಂದ ಅಂದದ್ದಲ್ಲ, ಲೆಕ್ಕ ಹಾಕಿ ಅಂದದ್ದು. ಒಂದು ಬೆಳಿಗ್ಗೆ ನಾನು ಅಂಗಿಯನ್ನು ತಿರುವುಮುರುವಾಗಿ ಹಾಕಿಕೊಂಡು, ಕೊಟ್ಟಿಗೆಯ ಗೋಡೆ ನೋಡುತ್ತ ಕೂತಿದ್ದೆನಂತೆ. ಮಾತಾಡಿಸಿದರೆ ಬೈದೆನಂತೆ. ಅವಳು ಒಂದು ಉಂಡೆ ಬೆಲ್ಲ ಕೈಗಿಟ್ಟು ನೀರು ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ನಾನೇ, "ಲೇ, ಅಂಗಿ ಯಾಕೆ ಹಿಂಗೈತೆ?" ಎಂದೆ.

"ನಮ್ಮಪ್ಪ ಕುಡೀತಿತ್ತು ಕಣ್ರೀ, ನಂಗೊತ್ತು. ಕುಡ್ದೋರ್ಗೆ ಬೆಲ್ಲ ತಿನ್ಸಿದ್ರೆ ಅಮಲು ಇಳೀತದಾ? ನಿಮಗೆ ಇಳೀತದೆ. ಉಂಡ್ ಮೇಲೆ ನೀವು ಸರಿಯಾಗಿರ್ತೀರ, ಹಸಿದಾಗ್ಲೇ ಹಿಂಗಾಡೋದು. ನಡೀರಿ ಡಾಕ್ಟರ್ ಹತ್ರ."

ಇಷ್ಟು ಸಣ್ಣ ಗುರುತು ನನಗೆ ಸಿಕ್ಕಿರಲಿಲ್ಲವಲ್ಲ! ದನದ ಕಾಲು ನೋಡಿ ಎಲ್ಲಿ ಉಳುಕಿದೆ ಎನ್ನುವವನು ನಾನು.

ತರೀಕೆರೆಯ ಡಾಕ್ಟರ ಹತ್ತಿರ ಬೇಕೆಂದೇ ಖಾಲಿ ಹೊಟ್ಟೆಯಲ್ಲಿ ಹೋದೆ. ಎತ್ತು ಕುಂಟುತ್ತದೆ ಎಂದು ಹೇಳಿದರೆ ಸಾಲದು, ನಡೆಸಿ ತೋರಿಸಬೇಕು. ಹೆಂಡತಿ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಜೊತೆಗಿದ್ದಳು. ಆದರೂ ಡಾಕ್ಟರು ಬೈದರು, ದಾರಿಯಲ್ಲಿ ಬಿದ್ದಿದ್ದರೆ ಏನು ಗತಿ ಎಂದು. ಇದನ್ನು ಓದುವ ನೀವೂ ಹಾಗೆ ಹೋಗಬೇಡಿ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಮೆಷಿನ್ನಿಗೆ ಇಟ್ಟರು. ನೋಡಿದವರೇ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಶುಗರ್ ಪಾತಾಳಕ್ಕೆ ಹೋಗಿದೆ. ಶುಗರ್ ಕಾಯಿಲೆಗೆ ಮಾತ್ರೆ ಏನಾದ್ರೂ ತಗೋತಿದೀರಾ? ಮನೇಲಿ ಯಾರದ್ದಾದ್ರೂ ತಪ್ಪಿ ನುಂಗಿದ್ರಾ?"

"ನಮ್ಮನೇಲಿ ಯಾರಿಗೂ ಆ ಕಾಯ್ಲೆ ಇಲ್ಲ ಸಾರ್."

ಗ್ಲೂಕೋಸ್ ಕುಡಿಸಿ ಬಿಡಿಸಿ ಹೇಳಿದರು. ಹೊಟ್ಟೆಯ ಹಿಂಭಾಗದಲ್ಲಿ ಮೇದೋಜೀರಕ ಎಂಬ ಗ್ರಂಥಿಯಿದೆ. ಉಂಡಾಗ ಅದು ಇನ್ಸುಲಿನ್ ಬಿಡುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ. ಹಸಿದಾಗ ಕೈ ಬಿಗಿಹಿಡಿಯಬೇಕು. ನನ್ನದು, ಅಲ್ಲೊಂದು ಗಡ್ಡೆ ಬೆಳೆದು, ಹಸಿದಾಗಲೂ ಸುರಿಯುತ್ತಿರಬಹುದು. "ಬಹಳ ಅಪರೂಪ ಇದು. ಆದ್ರೆ ಸಿಕ್ರೆ, ತೆಗೆದ್ರೆ, ಮುಗೀತು," ಎಂದರು. ಅವರ ಕಣ್ಣಿನಲ್ಲೂ ಒಳ್ಳೆ ಜೋಡಿ ಕಂಡ ವ್ಯಾಪಾರಿಯ ಹೊಳಪು!

ಕಡೂರಿನಲ್ಲಿ ರೈಲು ಹತ್ತಿ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಪರೀಕ್ಷೆಯೆಂದರೆ ಉಪವಾಸ. ಮಲಗಿಸಿ, ನೀರು ಬಿಟ್ಟು ಬೇರೇನೂ ಕೊಡದೆ, ಮತ್ತೆ ಮತ್ತೆ ರಕ್ತ ತೆಗೆದು ಸಕ್ಕರೆ ಬೀಳುವುದನ್ನು ಕಾಯುವುದು. ಉಪವಾಸವಂತೆ, ನನಗಂತೆ! ಜೀವಮಾನದಲ್ಲಿ ಮೊದಲ ಸಲ ರೇಟು ಬೀಳಲಿ ಎಂದು ಹರಕೆ ಹೊತ್ತೆ. ನರ್ಸ್ ಬಂದಾಗಲೆಲ್ಲ, "ಎಷ್ಟಕ್ ಬಂತು ಮೇಡಂ?" ಎನ್ನುವುದು. ಹೆಂಡತಿ, "ಸುಮ್ಕಿರಿ, ಇದೇನ್ ಸಂತೆಯಾ?" ಎನ್ನುವುದು.

ಬಿತ್ತು. ಕೈ ನಡುಗಿತು, ಅದೇ ಬೆವರು, ಅದೇ ತೊದಲು. ನಾನು ತೊದಲುತ್ತಲೇ ನಗುತ್ತಿದ್ದೆನಂತೆ. ಆ ಗಳಿಗೆಯ ರಕ್ತ ತೆಗೆದಿಟ್ಟುಕೊಂಡು ಗ್ಲೂಕೋಸ್ ಏರಿಸಿದರು. ಸಕ್ಕರೆ ನೆಲ ಕಂಡಿದ್ದರೂ ಇನ್ಸುಲಿನ್ ಮಾತ್ರ ಮೆರೆಯುತ್ತಿತ್ತು. ಆಮೇಲೆ ಸ್ಕ್ಯಾನಿನಲ್ಲಿ ಕಳ್ಳ ಸಿಕ್ಕ: ಗ್ರಂಥಿಗೆ ಅಂಟಿಕೊಂಡು, ಕಡಲೆಕಾಯಿ ಬೀಜದಷ್ಟು ಗಡ್ಡೆ.

ಆಪರೇಷನ್ ಡಾಕ್ಟರ ಜೊತೆ ಚೌಕಾಸಿ ಮಾಡದೆ ಬಿಟ್ಟೇನೆಯೇ?

"ಬಿಟ್ರೆ ಏನಾಗ್ತದೆ ಸಾರ್?"

"ಒಂದಿನ ಮಲಗಿದೋರು ಏಳಲ್ಲ."

"ತೆಗುದ್ರೆ?"

"ಇಂಥವು ಸಾಮಾನ್ಯವಾಗಿ ಕೆಟ್ಟ ಗಡ್ಡೆ ಆಗಿರಲ್ಲ. ಆದ್ರೆ ಗ್ರಂಥಿಯ ರಸ ಒಳಗೆ ಸೋರೋ ಅಪಾಯ ಇದೆ. ಮುಚ್ಚಿಡಲ್ಲ."

ಸೋರುವುದನ್ನು ಮುಚ್ಚಿಡದೆ ಹೇಳಿದ ವ್ಯಾಪಾರಿಯನ್ನು ನಂಬಬಹುದು. ಅಲ್ಲೇ ಕೈ ಕೊಟ್ಟೆ, ಟವಲ್ ಇಲ್ಲದೆ.

ಎಚ್ಚರವಾದಾಗ ಹೊಟ್ಟೆಯೆಲ್ಲ ಉರಿ. ಕಿವಿಯ ಹತ್ತಿರ ಹೆಂಡತಿ ಮಾತ್ರ ಕುಣಿಯುವ ದನಿಯಲ್ಲಿ, "ಏರ್ತಾ ಐತೆ ರೀ! ಸಕ್ಕರೆ ತಾನೇ ಏರ್ತಾ ಐತೆ!" ಎನ್ನುತ್ತಿದ್ದಳು.

ಗಾಯ ಮಾಗಿ ಓಡಾಡಲು ಅಪ್ಪಣೆ ಸಿಕ್ಕಿದ ಮೇಲೆ ಮೊದಲ ಸಂತೆ. ಆಸ್ಪತ್ರೆಯ ಕಾಗದಗಳನ್ನು ಮನೆಯಲ್ಲೇ ಬಿಟ್ಟೆ. ಕಾಗದ ಓದಿ ದನ ಕೊಳ್ಳುವವರು ಯಾರು? ಎರಡು ರಾಗಿರೊಟ್ಟಿ ತಿಂದು, ಒಂದು ಜೋಡಿ ಹೋರಿ ಕಟ್ಟಿ ನಿಂತೆ. ಬುಕ್ಕಾಂಬುಧಿಯ ಯಜಮಾನರಿಗೆ ಇನ್ನೂ ಮನಸ್ಸಿಗೊಪ್ಪುವ ಜೋಡಿ ಸಿಕ್ಕಿರಲಿಲ್ಲ. ಹೋರಿಗಳ ಸುತ್ತ ಬಂದರು, ಹಲ್ಲು ನೋಡಿದರು, ನನ್ನನ್ನು ನೋಡಲಿಲ್ಲ. ಅವರು ಹಾಗೇ ಹೊರಟುಹೋದರೆ ನನ್ನ ದಂಧೆ ಅಲ್ಲಿಗೆ ಮುಗಿಯಿತು.

"ಹೊಟ್ಟೆ ಕುಯ್ಸ್ಕಂಡ್ ಬಂದ್ಯಂತೆ?"

"ಹ್ಞೂ ಯಜಮಾನ್ರೇ. ಅವತ್ತು ಕುಡ್ದಿರ್ಲಿಲ್ಲ, ಹಸಿದಿದ್ದೆ."

"ಇವತ್ತು ಉಂಡಿದೀಯೇನ್ಲಾ?"

"ರೊಟ್ಟಿ ತಿಂದೇ ಬಂದೀನಿ."

ಟವಲ್ ಬಿತ್ತು. ಅವರು ಬೆರಳು ಹಿಡಿಯಲಿಲ್ಲ. ಇಡೀ ಅಂಗೈಯನ್ನು ತಮ್ಮ ಅಂಗೈಯೊಳಗೆ ಇಟ್ಟುಕೊಂಡು ಸುಮ್ಮನೆ ನಿಂತರು. ನನ್ನ ಕೈ ಒಣಗಿತ್ತು, ಕಲ್ಲಿನಂತೆ ನಿಂತಿತ್ತು. ಆಮೇಲೆ ನಿಧಾನವಾಗಿ ಮೂರು ಬೆರಳು ಹಿಡಿದರು. ಅವತ್ತಿನ ಅದೇ ಮೂರು!

ನಾನು ಅವರ ಕೈ ತಿರುಗಿಸಿ ಐದೂ ಬೆರಳು ಬಿಗಿಯಾಗಿ ಹಿಡಿದೆ.

"ಅಯ್ಯೋ, ಬಿಡ್ಲಾ, ಬೆರಳು ಮುರೀತೀಯ!" ಎಂದು ಯಜಮಾನರು ಸಂತೆಗೆಲ್ಲ ಕೇಳುವ ಹಾಗೆ ನಕ್ಕರು. "ಇವ್ನೇ ಕಣ್ರೋ ನನ್ ದಲ್ಲಾಳಿ. ವಾಪಸ್ ಬಂದ್ಬಿಟ್ಟ!"

ಈಗ ನಿಮಗೊಂದು ಮಾತು. ಬೆಳಿಗ್ಗೆ ಯಾರಾದರೂ ಬೆವೆತು ತೊದಲಿದರೆ ಮೊದಲು ಬಾಯಿ ಮೂಸಬೇಡಿ. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಇಷ್ಟು ಹೇಳುವುದಕ್ಕೇ ಬರೆದೆ. ಹೋರಿಗಳೇನಾದವು ಅಂತೀರಾ? ನಾಲ್ಕೂವರೆ ಬೆರಳಿಗೆ ಹೋದವು. ಅರ್ಧ ಬೆರಳನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.